ಟೇಪಿನ ಇನ್ನೊಂದು ತುದಿ

"ಟೈಟಾಗಿ ಹಿಡ್ಕೊಳ್ಳಿ ಆಂಟಿ," ಎಂದಳು ಅಕ್ಷಯಾ. ವಿನೋದಾ ಅಳತೆಯ ಟೇಪನ್ನು ಹೊಸ ಕೋಣೆಯ ಹೊರಮೂಲೆಗೆ ಒತ್ತಿ ಹಿಡಿದರು. ಅಕ್ಷಯಾ ಇನ್ನೊಂದು ತುದಿಯನ್ನು ಮನೆಯ ಹಳೆಯ ಗಡಿಯವರೆಗೆ ಎಳೆದಳು. ಅವಳು ಪುಚೊಂಗಿನ ನಗರಸಭೆಯಲ್ಲಿ ಕಟ್ಟಡ ತಪಾಸಣೆಯ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕೋಣೆಯನ್ನು ದಾಖಲೆಗೆ ಸೇರಿಸಲು ಬಂದಿದ್ದಾಳೆ ಎಂದು ವಿನೋದಾ ತಿಳಿದಿದ್ದರು.

"ಪೂರ್ತಿ ಎಳಿ ಮಾರಾಯ್ತಿ, ಕಮ್ಮಿ ಬರೀಬೇಡ. ಆರಡಿ ಉಂಟು. ಅಂಕಲ್‌ಗೆ ಮೆಟ್ಟಿಲು ಹತ್ಲಿಕ್ಕೆ ಆಗೋದಿಲ್ಲ ಅಂತ ಕಟ್ಸಿದ್ದು."

"ಯಾರೇ ಅದು?" ಕೋಣೆಯೊಳಗಿನ ಮಂಚದಿಂದ ಉಮಾನಾಥ ಕೇಳಿದರು.

"ನಮ್ಮ ಅಕ್ಷಯಾ ರೀ! ಮೂಗು ಸುರಿಸ್ಕೊಂಡು ದೋಸೆ ಕೇಳ್ತಿದ್ದವಳು, ಈಗ ಆಫೀಸರ್!"

ಕೋಣೆ ಚಾಚಿಕೊಂಡಿದ್ದದ್ದು ಬೆಂಕಿ ಆರಿಸುವ ಗಾಡಿ ಬರಬೇಕಾದ ಹಿತ್ತಲ ಓಣಿಗೆ. ಅದರೊಳಕ್ಕೆ ಒಂದಡಿ ಕಟ್ಟುವುದೂ ತಪ್ಪು. ಅಕ್ಷಯಾ 'ಆರಡಿ' ಎಂದು ಬರೆದಳು. ಬೆಳಿಗ್ಗೆಯಿಂದ ಇದು ಒಂಬತ್ತನೆಯ ಮನೆ. ಮೊದಲ ಮನೆಯಲ್ಲಿ ಅಂಕಿ ಬರೆಯಲು ಹಿಂಜರಿದಿದ್ದಳು, ಈಗ ಏನೂ ಅನ್ನಿಸಲಿಲ್ಲ. ನೋಟಿಸಿಗೆ ಫೋಟೊ ಬೇಕು, ಫೋಟೊದಲ್ಲಿ ಟೇಪು ಕಾಣಬೇಕು. ಅವಳು ಫೋನ್ ಎತ್ತಿದಾಗ ವಿನೋದಾ ಕೂದಲು ಸರಿಮಾಡಿಕೊಂಡು ನಕ್ಕರು.

"ಆಂಟಿ, ದಿಸ್ ಈಸ್ ಇಲ್ಲೀಗಲ್. ಹದಿನಾಲ್ಕು ದಿನದೊಳಗೆ ಒಡೀಬೇಕು."

ವಿನೋದಾ ಕಿಟಕಿಯತ್ತ ನೋಡಿದರು. ಒಳಗೆ ಉಮಾನಾಥರ ಬೋಳುತಲೆ ಕಾಣುತ್ತಿತ್ತು.

"ಮೆಲ್ಲ ಹೇಳೇ, ಅವರಿಗೆ ಕೇಳ್ತದೆ," ಎಂದರು. ಫೋಟೊ ಇನ್ನೂ ಆಗಿಲ್ಲವೆಂದು ಟೇಪನ್ನು ಹಾಗೆಯೇ ಹಿಡಿದು ನಿಂತರು.

ಅಕ್ಷಯಾ ಫೋಟೊ ತೆಗೆದಳು.