ಖಾಲಿ ಕ್ಯೂ

ಮಾಹಿತಿಯನ್ನು ಸಾಲಾಗಿ ಜೋಡಿಸಿಡುವ ಕ್ಯೂ, ಲಿಸ್ಟು, ಸ್ಟ್ಯಾಕುಗಳನ್ನು ಪ್ರೋಗ್ರಾಮರುಗಳಿಗೆ ಸಿದ್ಧವಾಗಿ ಒದಗಿಸುವ ಆ ಕೋಡ್ ಲೈಬ್ರರಿಯನ್ನು ಗಂಡ ಹೆಂಡತಿ ಸೇರಿ ಬರೆದಿದ್ದರು. ಅರ್ಧ ಪ್ರಪಂಚ ಅದರ ಮೇಲೇ ಕೂತಿತ್ತು. ಸುಗುಣ ತೀರಿಕೊಂಡ ಮೇಲೆ ವಾಮನರಾಯರ ಜೊತೆ ಕೆಲಸಕ್ಕೆ ಶಮೀಮ ಸೇರಿದಳು.

“ಸಾರ್, ದಿನಾ ಮಧ್ಯಾಹ್ನ ಖಾಲಿ ಕ್ಯೂಗೆ ಕೈ ಹಾಕಿ ಎರರ್ ಬರಿಸ್ಕೋತೀರಲ್ಲ! ಬರೆದೋರೇ ಹಿಂಗೆ ಮಾಡಿದ್ರೆ ಹೆಂಗೆ?”

“ವಯಸ್ಸಾಯ್ತಲ್ಲಮ್ಮ.”

“ಆ ಎರರ್ ಮೆಸೇಜು ಹೊರದೇಶದೋರಿಗೆ ಅರ್ಥ ಆಗ್ತಿಲ್ವಂತೆ, ದೂರು ಬಂದಿದೆ. ತೆಗೆದು ಇಂಗ್ಲಿಷಲ್ಲಿ ಹಾಕ್ಲಾ?”

“ನಾಳೆ ತೆಗಿಯಮ್ಮ,” ಎಂದು ರಾಯರು ಕುರ್ಚಿ ಬಿಟ್ಟೆದ್ದರು.

“ನಿನ್ನೇನೂ ಇದನ್ನೇ ಅಂದ್ರಿ!”

ಅಂಥದ್ದೇನಿದೆ ಎಂದು ಶಮೀಮ ಅವರ ಪರದೆಯತ್ತ ಬಗ್ಗಿದಳು.

“ಕ್ಯೂ ಖಾಲಿ ಕಣ್ರೀ. ಇನ್ನೇನು ಹುಡುಕ್ತೀರಿ? ಎದ್ದು ಊಟ ಮಾಡಿ. ಇಂತಿ, ಸುಗುಣ.”