ಫಿಜಿ ಅಜ್ಜಿಯ ಸೀರೆ

"ಅಮ್ಮಾ, ಬಂತು! ಆರ್ಡರ್ ಬಂತು!"

ಅಕ್ಷತ ಬಾಗಿಲಲ್ಲೇ ನಿಂತು ಕೂಗಿಕೊಂಡರೂ, ಒಳಗೆ ಎರಡು ಪವರ್‌ಲೂಮುಗಳ ಗದ್ದಲದಲ್ಲಿ ಅನುಸೂಯಮ್ಮನಿಗೆ ಕಂಡದ್ದು ಮಗಳ ಬಾಯಿ ಆಡುವುದಷ್ಟೇ. ಮಗ್ಗ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅಕ್ಷತಳ ಕೈಯಲ್ಲಿ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡ್ ಪಕ್ಕದ ಸೈಬರ್ ಸೆಂಟರಿನಲ್ಲಿ ಪ್ರಿಂಟು ಹಾಕಿಸಿದ ಒಂದು ಹಾಳೆ ಇತ್ತು.

ಇಂಟರ್‌ನೆಟ್ಟಿನಲ್ಲಿ ಸೀರೆ ಅಂಗಡಿ ಇಟ್ಟು ಏಳು ತಿಂಗಳಾಗಿತ್ತು. ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬರುತ್ತಿದ್ದ ಅಕ್ಷತ ಹಟ ಹಿಡಿದು, ಹನ್ನೆರಡು ಸೀರೆಗಳ ಫೋಟೋ ತೆಗೆಸಿ, ಬೆಂಗಳೂರಿನವನೊಬ್ಬನ ಕೈಲಿ ಅಂಗಡಿಯ ಪುಟ ಮಾಡಿಸಿದ್ದಳು. ಏಳು ತಿಂಗಳಲ್ಲಿ ಒಂದು ನರಪಿಳ್ಳೆಯೂ ಸೀರೆ ಕೇಳಿರಲಿಲ್ಲ. ಕಾಣದ ಅಂಗಡಿಗೆ ಕಾಣದ ಗಿರಾಕಿ, ಇದೆಲ್ಲಾ ಗಾಳಿ ಗುದ್ದಿ ಮೈ ನೋಯಿಸಿಕೊಳ್ಳೋ ಕೆಲಸ, ಈ ತಿಂಗಳು ಒಂದಾದರೂ ವ್ಯಾಪಾರ ಆಗದಿದ್ದರೆ ಮುಚ್ಚಿಬಿಡು ಎಂದು ಅಪ್ಪ ಮುನಿವೆಂಕಟಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದ. ತಿಂಗಳು ಮುಗಿಯಲು ನಾಲ್ಕೇ ದಿನ ಉಳಿದಿತ್ತು.

ಆ ಪುಟದಲ್ಲಿ ಅನುಸೂಯಮ್ಮನದೂ ಒಂದು ಪಾಲಿತ್ತು. ಹೆಸರು, ವಿಳಾಸ, ಬಣ್ಣ ಬರೆಯುವ ಜಾಗದ ಕೆಳಗೆ 'ಯಾರಿಗೆ? ಏನು ಕಾರ್ಯಕ್ಕೆ?' ಅಂತ ಕೇಳಲೇಬೇಕೆಂದು ಅವಳು ಪಟ್ಟು ಹಿಡಿದಿದ್ದಳು. ಮನೆಗೆ ಸೀರೆ ಕೊಳ್ಳಲು ಬಂದವರನ್ನು ಅದೊಂದು ಮಾತು ಕೇಳದೆ ಅವಳು ಎಂದೂ ಮಡಿಕೆ ಬಿಚ್ಚಿದವಳಲ್ಲ. "ಫಾರಿನ್ನೋರು ನಗ್ತಾರಮ್ಮ" ಎಂದು ಗೊಣಗುತ್ತಲೇ ಮಗಳು ಅದನ್ನು ಸೇರಿಸಿದ್ದಳು.

"ಯಾವೂರಂತೆ?"

"ಫಿಜಿ. ಸಮುದ್ರದ ಮಧ್ಯೆ ಇರೋ ದೇಶ. ನೀನು ನೇಯ್ದಿದ್ಯಲ್ಲ ಹಸಿರು ರೇಷ್ಮೆ, ಕೆಂಪಂಚಿಂದು, ಅದು ಬೇಕಂತೆ."

"ಅಯ್ ಶಿವನೇ! ಅಷ್ಟು ದೂರದೋರಿಗೆ ನಮ್ ಸೀರೆ ಯಾಕ್ ಬೇಕಾಯ್ತೋ! ಏನ್ ಕಾರ್ಯಕ್ಕಂತೆ? ಬರ್ದವ್ರಾ?"

ಅಕ್ಷತ ಹಾಳೆಯ ಮೂಲೆ ಮಡಚತೊಡಗಿದಳು. ಆಮೇಲೆ, ಒಂದೇ ಉಸಿರಿಗೆ ಹೇಳಿಬಿಟ್ಟಳು. "ಬರ್ದಿರೋದು ಮೊಮ್ಮಗಳು, ಹಿಂದೆ ಕೂಲಿಗಂತ ಹಡಗಲ್ಲಿ ಅಲ್ಲಿಗೆ ಹೋದ ನಮ್ ದೇಶದೋರಂತೆ. ಸೀರೆ ಅಜ್ಜಿಗೆ. ಅಜ್ಜಿಗೆ ತೊಂಬತ್ತೊಂದು ವರ್ಷ. ಅವ್ರು ತೀರ್ಕೊಂಡಾಗ ಉಡ್ಸೋಕಂತೆ."

"ಥೂ, ಬಿಡ್ತು ಅನ್ನು!" ಅನುಸೂಯಮ್ಮನ ಕೈ ತಾನಾಗಿ ತಾಳಿಯ ಮೇಲೆ ಹೋಯಿತು. "ಬೋಣಿಗೇ ಸಾವಿನ ಸೀರೆನಾ? ಮೊದಲ್ನೇ ವ್ಯಾಪಾರ ಹೆಂಗೋ, ಅಂಗಡಿನೂ ಹಂಗೇ ಕಣೇ. ಬೇಡ. ಆ ಸೀರೆ ಇಲ್ಲ ಅಂತ ಬರ್ದಾಕು."

"ಇಲ್ಲ ಅಂದ್ರೆ ಅಪ್ಪ ಅಂಗಡೀನೇ ಮುಚ್ಚುಸ್ತಾರೆ. ಕೇಳ್ಲೇಬೇಕು ಅಂದೋಳು ನೀನೇ ತಾನೆ? ಕೇಳ್ದೆ ಇದ್ದಿದ್ರೆ ಸುಮ್ನೆ ಕಳಿಸ್ಬೋದಾಗಿತ್ತು." ಮಗಳ ಕಣ್ಣಲ್ಲಿ ನೀರು ಬಂದಿತ್ತು.

ಅನುಸೂಯಮ್ಮ ಮಗ್ಗದ ಕಡೆಗೆ ತಿರುಗಿದಳು, ಸ್ವಿಚ್ಚಿನ ಮೇಲೆ ಕೈಯನ್ನೂ ಇಟ್ಟಳು, ಒತ್ತಲಿಲ್ಲ. ಬೇಡವೆಂದು ಹೇಳಿದ್ದೇನೋ ಆಯಿತು, ಆದರೆ ಮನಸ್ಸು ಕೇಳಬೇಕಲ್ಲ! ತನ್ನ ಕಡೇ ಸೀರೆಯನ್ನು ತಾನೇ ಆರಿಸಿ ಕೂತಿರುವ ಹೆಂಗಸು ಎಂಥವಳಿರಬಹುದು? ಹಸಿರೇ ಯಾಕೆ ಬೇಕು ಅವಳಿಗೆ? ಆ ವಯಸ್ಸಿನಲ್ಲೂ ಮುತ್ತೈದೆಯೋ ಏನೋ. ಹುಟ್ಟಿದ್ದು ಎಲ್ಲೋ, ಯಾವ ಕಾಲದಲ್ಲಿ ಯಾರು ಹಡಗು ಹತ್ತಿಸಿದರೋ.

"ಇನ್ನೇನಾದ್ರೂ ಬರ್ದವ್ರಾ?" ಎಂದಳು, ತಿರುಗದೆ.

"ಅಜ್ಜಿ ಎರಡು ಪ್ರಶ್ನೆ ಕೇಳ್ಸಿದಾರೆ. ಒಗೆದ್ರೆ ಬಣ್ಣ ಬಿಡುತ್ತಾ ಅಂತ ಒಂದು. ನೆರಿಗೆ ಚೆನ್ನಾಗಿ ಕೂರುತ್ತಾ, ಉಬ್ಕೊಳ್ಳುತ್ತಾ ಅಂತ ಇನ್ನೊಂದು."

ಅನುಸೂಯಮ್ಮ ಗಕ್ಕನೆ ತಿರುಗಿದಳು. ಮಗಳ ಮುಖವನ್ನೇ ನೋಡಿದಳು. ಆಮೇಲೆ ಬಂತು ನೋಡಿ ನಗು, ಪಕ್ಕೆ ಹಿಡಿದುಕೊಂಡು ಮಗ್ಗದ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಹೋಗೋಳಿಗೆ ಒಗೆಯೋ ಚಿಂತೆ ಯಾಕೇ? ಐನಾತಿ ಮುದುಕಿ ಕಣೇ ಇವ್ಳು! ಮೊಮ್ಮಗಳ ಕೈಲಿ ಸಾವಿನ ನೆಪ ಬರ್ಸಿ ರೇಷ್ಮೆ ಸೀರೆ ತರುಸ್ಕೊತಾವ್ಳೆ. ಬಣ್ಣ ಬಿಡಲ್ಲ ಅಂತ ಬರಿ. ನೆರಿಗೆ ಅವ್ಳು ಹೇಳ್ದಂಗೆ ಕೇಳುತ್ತೆ ಅಂತ್ಲೂ ಬರಿ. ಅಂಚೆ ಖರ್ಚೂ ನಮ್ದೇ ಅನ್ನು, ಬೋಣಿ ಗಿರಾಕಿ."

ಮರುದಿನ ಬಿಳಿ ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿದ ಪಾರ್ಸೆಲ್ಲನ್ನು ತಾಯಿ ಮಗಳು ಅಂಚೆ ಕಚೇರಿಗೆ ಒಯ್ದರು. ಕೌಂಟರಿನ ಬೈರಣ್ಣ ದಪ್ಪ ಪುಸ್ತಕ ತೆಗೆದು ಆ ದೇಶವನ್ನು ಹುಡುಕುವುದರಲ್ಲೇ ಕಾಲು ಗಂಟೆ ಕಳೆದ.

"ನನ್ ಇಪ್ಪತ್ತು ವರ್ಷದ ಸರ್ವೀಸಲ್ಲಿ ಅಲ್ಲಿಗೆ ಯಾರೂ ಏನೂ ಕಳ್ಸಿಲ್ಲಮ್ಮ" ಎಂದ ಬೈರಣ್ಣ, ಕನ್ನಡಕ ಮೇಲೇರಿಸಿ. "ವಿಮಾನಕ್ಕೆ ಹಾಕಿದ್ರೆ ಹದಿನೈದು ದಿನ. ಹಡಗಿಗೆ ಹಾಕಿದ್ರೆ ಮೂರು ತಿಂಗಳು, ನಾಲ್ಕೂ ಆಗ್ಬೋದು. ಯಾವುದಕ್ಕೆ ಹಾಕ್ಲಿ?"

"ವಿಮಾನಕ್ಕೆ" ಎಂದಳು ಅಕ್ಷತ.

"ಹಡಗಿಗೆ ಹಾಕಣ್ಣ" ಎಂದಳು ಅನುಸೂಯಮ್ಮ.

ಬೈರಣ್ಣ ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿದ. ಅಮ್ಮ ಅಂಚೆ ಖರ್ಚಿಗೆ ಹಿಂದೆಗೆದಳೆಂದು ಅಕ್ಷತಳಿಗೆ ಸಿಟ್ಟೇ ಬಂತು.

"ತೊಂಬತ್ತೊಂದು ವರ್ಷ ಅಮ್ಮ ಅವ್ರಿಗೆ! ನಾಲ್ಕು ತಿಂಗಳೊಳಗೆ ಹೊರಟೇ ಹೋದ್ರೆ?"

"ಎಲ್ಲಿಗೇ ಹೊರಡ್ತಾಳೆ?" ಎಂದಳು ಅನುಸೂಯಮ್ಮ. "ಹೊಸ ಸೀರೆ ದಾರೀಲಿದೆ ಅಂತ ಗೊತ್ತಿದ್ದೂ ಹಳೇದ್ರಲ್ಲೇ ಹೊರಟ ಹೆಂಗಸ್ನ ನಾನಂತೂ ಕಂಡಿಲ್ಲ."