ಬೆಳ್ಳುಳ್ಳಿಯಮ್ಮನ ಮೂರು ಸುಳ್ಳು

ಮೊದಲನೆಯ ಸುಳ್ಳನ್ನು ಬೆಳ್ಳುಳ್ಳಿಯಮ್ಮ ಬೆಳಿಗ್ಗೆ ಅಂಗಡಿ ಹರವುತ್ತಲೇ ಹೇಳಿಬಿಟ್ಟಳು.

"ಮೇಡಂ, ಹಿಂದುಗಡೆ ಗೋದಾಮಲ್ಲಿ ಏನೋ ಸದ್ದಾಗ್ತಿದೆ. ಸ್ವಲ್ಪ ನೋಡ್ತೀರಾ?"

ಮಾರುಕಟ್ಟೆಯ ಕಾವಲಿಗೆ ಹೊಸದಾಗಿ ಬಂದಿದ್ದ ಪೊಲೀಸ್ ಹುಡುಗಿ, ಎಲ್ಲರೂ ಬೆನ್ನ ಹಿಂದೆ 'ಹೊಸ ಟೋಪಿ' ಎಂದು ಆಡಿಕೊಳ್ಳುತ್ತಿದ್ದವಳು, ಟಾರ್ಚು ಹಿಡಿದು ಹೋದಳು. ಸ್ವಲ್ಪ ಹೊತ್ತಿಗೆ ತಲೆತುಂಬ ಜೇಡರ ಬಲೆ ಅಂಟಿಸಿಕೊಂಡು ಬಂದು, "ಮೂಲೆ ಮೂಲೆ ನೋಡ್ದೆ ಅಮ್ಮ. ಯಾರೂ ಇಲ್ಲ, ಬೆಕ್ಕು ಮರಿ ಹಾಕಿದೆ ಅಷ್ಟೇ," ಎಂದಳು. "ಅಂತೂ ಬಾಣಂತಿಗಾದ್ರೂ ಕಾವಲು ಸಿಕ್ತು!" ಎಂದು ಎದುರಿನ ಸಾಲಿನಿಂದ ಯಾರೋ ಕೂಗಿದರು. ಪಕ್ಕದ ಆಲೂಗಡ್ಡೆ ಅಂಗಡಿಯಲ್ಲಿದ್ದ ವಾರಗಿತ್ತಿ ಮಾತ್ರ ನಗಲಿಲ್ಲ. "ಯಾಕಕ್ಕ ಅವಳ ಜೊತೆ ಮಾತು? ಅವರಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ," ಎಂದಳು.

ಸುಮ್ಮಸುಮ್ಮನೆ ಸುಳ್ಳು ಹೇಳುವ ಹೆಂಗಸಲ್ಲ ಬೆಳ್ಳುಳ್ಳಿಯಮ್ಮ. ತೂಕದಲ್ಲಿ ಒಂದು ಎಸಳು ಕಡಿಮೆಯಾದರೂ ಗಿರಾಕಿಯನ್ನು ಕೂಗಿ ಕರೆದು ಕೊಡುವವಳು. ಹೋದ ವರ್ಷ ಮೂವರು ಗಂಡಸರು ಮತ್ತೆ ಮತ್ತೆ ಬಂದು ಮಾರುಕಟ್ಟೆಯ ಕಂಬಗಳನ್ನು ನೋಡಿ ಗುಸುಗುಸು ಮಾಡುವುದನ್ನು ಕಂಡು, ಠಾಣೆಗೆ ಹೋಗಿ ಹೇಳಿದ್ದಳು. ಒಂದು ಸಲವಲ್ಲ, ಹೋಗಿ ಹೋಗಿ ಹೇಳಿದ್ದಳು. "ಈ ಅಮ್ಮನಿಗೆ ಬೆಳ್ಳುಳ್ಳಿ ಬುಟ್ಟೀಲೂ ಬಾಂಬೇ ಕಾಣುತ್ತೆ," ಎಂದು ಸಾಹೇಬರು ನಕ್ಕರು. ಸಾಹೇಬರು ನಕ್ಕರಲ್ಲ ಎಂದು ಉಳಿದವರೂ ನಕ್ಕರು. ಆ ವಾರವೇ ಬಾಂಬು ಸಿಡಿಯಿತು. ಸತ್ತವರಲ್ಲಿ ಅವಳ ಮೈದುನನೂ ಒಬ್ಬ, ಈ ವಾರಗಿತ್ತಿಯ ಗಂಡ. ಆಮೇಲೆ ಬಂತು ನೋಡಿ ಕಾವಲು! ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು. ಅಂದಿನಿಂದ ಮಾರುಕಟ್ಟೆಯಲ್ಲಿ ಪೊಲೀಸರಿಗೆ ಯಾರೂ ಒಂದು ಲೋಟ ನೀರನ್ನೂ ಕೊಡುತ್ತಿರಲಿಲ್ಲ.

ಆ ಮೂವರಲ್ಲಿ ಇಬ್ಬರು ಸಿಕ್ಕಿಬಿದ್ದರು, ಒಬ್ಬ ತಪ್ಪಿಸಿಕೊಂಡ. ನಿನ್ನೆ ಸಂಜೆ ಆ ಒಬ್ಬ ಗಡ್ಡ ಬೋಳಿಸಿಕೊಂಡು ಇದೇ ಮಾರುಕಟ್ಟೆಯಲ್ಲಿ ಅಡ್ಡಾಡಿದ್ದನ್ನು ಬೆಳ್ಳುಳ್ಳಿಯಮ್ಮ ಕಣ್ಣಾರೆ ಕಂಡಿದ್ದಳು. ಹೇಳಿದರೆ ಪೊಲೀಸರು ಮತ್ತೆ ನಕ್ಕು ಕೂತಾರು, ಸುದ್ದಿ ಅವನ ಕಿವಿಗೆ ಬಿದ್ದೀತು. ತನ್ನದೇನು, ಹಣ್ಣೆಲೆ, ವಾರಗಿತ್ತಿಯ ಎಳೆ ಮಗುವಿನ ಗತಿ? ಹೇಳದೆ ಬಿಟ್ಟರೆ ಇನ್ನೆಷ್ಟು ಮನೆಯ ದೀಪ ಆರಬೇಕೋ! ಹೊರಳಾಡಿ ಹೊರಳಾಡಿ ಕೊನೆಗೊಂದು ಉಪಾಯ ಹೂಡಿದ್ದಳು. ಸುಳ್ಳು ಹೇಳಿ ನೋಡೋಣ, ಈ ಹುಡುಗಿ ಕಿವಿ ಮೇಲೆ ಹಾಕಿಕೊಳ್ಳುತ್ತಾಳೋ ಇಲ್ಲವೋ. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿಯೇ ಕುಡಿಯಬೇಕಲ್ಲ.

"ಮೇಡಂ, ಮೀನಿನ ಸಾಲಲ್ಲಿ ಚರಂಡಿ ಕಲ್ಲು ಯಾರೋ ಸರಿಸಿದ ಹಾಗಿದೆ." ಇದು ಎರಡನೆಯದು. ಹುಡುಗಿ ಹೋಗಿ, ಕಲ್ಲೆತ್ತಿ, ಮಂಡಿಯೂರಿ ಆ ಗಬ್ಬಿನೊಳಗೆ ಟಾರ್ಚು ಬಿಟ್ಟು ನೋಡಿದಳು. "ಮೀನು ಸಿಕ್ತಾ ಮೇಡಂ?" ಎಂದು ಮೀನಿನವನು ಕೆಣಕಿದ. "ಎಲ್ಲಿ ಅಣ್ಣ, ಬರೀ ಮುಳ್ಳು ಬಿಟ್ಟಿದ್ದೀರಿ," ಎಂದು ಅವಳೂ ನಕ್ಕಳು.

ಮೂರನೆಯ ಸುಳ್ಳು ನೆತ್ತಿ ಸುಡುವ ಮಧ್ಯಾಹ್ನದ್ದು. ತಗಡಿನ ಮಾಡಿನ ಮೇಲೆ, ನೀರಿನ ಟ್ಯಾಂಕಿನ ಹತ್ತಿರ ಯಾರೋ ಸುಳಿದ ಹಾಗಾಯಿತು ಎಂದಳು. ಹುಡುಗಿ ಒಮ್ಮೆ ಆ ಕಬ್ಬಿಣದ ಏಣಿಯನ್ನು ನೋಡಿದಳು, ಒಮ್ಮೆ ಬೆಳ್ಳುಳ್ಳಿಯಮ್ಮನನ್ನು ನೋಡಿದಳು, ಹತ್ತಿಯೇ ಬಿಟ್ಟಳು. ಇಳಿದು ಬಂದಾಗ ಅಂಗೈ ಎರಡೂ ಕೆಂಪಗೆ ಕಂದಿದ್ದವು. "ಮೇಲೆ ಯಾರೂ ಇಲ್ಲಮ್ಮ. ಟ್ಯಾಂಕಿನ ಒಳಗೂ ನೋಡ್ದೆ," ಎಂದು ಅಂಗೈ ಊದಿಕೊಂಡಳು. ಅಯ್ಯೋ, ಬೆಳ್ಳುಳ್ಳಿಯಮ್ಮ ಇನ್ನು ತಡೆಯಲಿಲ್ಲ. ಎಲ್ಲರೂ ನೋಡುತ್ತಿದ್ದಂತೆಯೇ ತನ್ನ ತಂಬಿಗೆಯ ನೀರನ್ನು ಆ ಕೈಗಳ ಮೇಲೆ ಸುರಿದು, ಹುಡುಗಿಯನ್ನು ಅಂಗಡಿಯ ಒಳಕ್ಕೆ ಎಳೆದುಕೊಂಡಳು. ಮೇಡಂ ಎನ್ನುವುದು ಮರೆತೇ ಹೋಗಿತ್ತು.

"ಬೆಳಿಗ್ಗೆಯಿಂದ ನಾನು ಹೇಳಿದ್ದು ಮೂರೂ ಸುಳ್ಳು ಕಣೇ."

"ಗೊತ್ತಮ್ಮ."

"ಗೊತ್ತಾ! ಯಾವಾಗಿಂದ?"

"ಮೊದಲನೇದರಿಂದಾನೇ. ನಿಮಗೆ ಸುಳ್ಳು ಹೇಳೋಕೆ ಬರಲ್ಲ. ಹೇಳುವಾಗ ಬೆಳ್ಳುಳ್ಳಿ ನೋಡ್ತೀರಿ, ನನ್ನ ಮುಖ ನೋಡಲ್ಲ."

"ಮತ್ತೆ ಈ ಬಿಸಿಲಲ್ಲಿ ಯಾಕೆ ಹತ್ತಿದೆ, ಹುಚ್ಚು ಹುಡುಗಿ?"

"ನೀವು ಹೇಳಿದ್ದು ಸುಳ್ಳು ಅಂತ ಅವತ್ತು ನಮ್ಮ ಸಾಹೇಬರಿಗೂ ಗ್ಯಾರಂಟಿ ಗೊತ್ತಿತ್ತಲ್ಲಮ್ಮ."

ಭಲೇ ಹುಡುಗಿ! ಇಂಥ ಮಾತನ್ನು ಆಡುವವರು ಆ ಠಾಣೆಯಲ್ಲಿ ಅಂದು ಒಬ್ಬರಿದ್ದಿದ್ದರೆ ಸಾಕಿತ್ತು. ಬೆಳ್ಳುಳ್ಳಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಈ ಸಲ ಹುಡುಗಿಯ ಮುಖವನ್ನೇ ನೋಡುತ್ತ, ನಿನ್ನೆ ಕಂಡದ್ದನ್ನೆಲ್ಲ ಹೇಳಿದಳು. ಹುಡುಗಿ ನಗಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ ಒಂದೇ ಕೇಳಿದಳು: "ಅವನು ಎಲ್ಲಿರ್ತಾನೆ ಅಂತ ಗೊತ್ತಾ ಅಮ್ಮ?"

"ಅದೊಂದು ಗೊತ್ತಿಲ್ಲ ಮಗಳೇ."

"ನಂಗೊತ್ತು."

ವಾರಗಿತ್ತಿ! ಆಲೂಗಡ್ಡೆಯ ತಕ್ಕಡಿಯನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದು ಬಂದಿದ್ದಳು. "ಐಸ್ ಫ್ಯಾಕ್ಟರಿ ಹಿಂದಿನ ಕೋಣೇಲಿ ಮಲಗ್ತಾನೆ. ಹೋದ ತಿಂಗಳಿಂದ ನೋಡ್ತಾ ಇದ್ದೀನಿ."

"ಹೋದ ತಿಂಗಳಿಂದಾನಾ?" ಬೆಳ್ಳುಳ್ಳಿಯಮ್ಮ ಅವಳ ತೋಳು ಹಿಡಿದಳು. "ಒಂದು ಮಾತು ಹೇಳಬಾರದಿತ್ತೇನೇ?"

ವಾರಗಿತ್ತಿ ಹುಡುಗಿಯ ಸುಟ್ಟ ಅಂಗೈಗಳನ್ನು ನೋಡುತ್ತ ಅಂದಳು: "ಯಾರಿಗೆ ಹೇಳ್ಬೇಕಿತ್ತು ಅಕ್ಕ, ಇವತ್ತಿನವರೆಗೂ?"